ಸಲಿಗೆಯ ಅಳತೆ

ಕುಂಬಾರ ಸಾವಂತ್ರೆವ್ವನ ಮನೆಯ ಬಾಗಿಲು ತೆರೆದೇ ಇತ್ತು. ಬೆನ್ನಿಗೆ ಬಿಲ್ಲು ಏರಿಸಿಕೊಂಡ ಹುಡುಗಿಯೊಬ್ಬಳು ಸೀದಾ ಒಳಗೆ ನುಗ್ಗಿ ಬುಟ್ಟಿಯಿಂದ ಎರಡು ರೊಟ್ಟಿ ಎತ್ತಿಕೊಂಡಳು. ಕೇಳಲಿಲ್ಲ, ಕರೆಯಲಿಲ್ಲ. ಹಿತ್ತಿಲಲ್ಲಿ ತಿಗರಿ ತಿರುಗಿಸುತ್ತಿದ್ದ ಸಾವಂತ್ರೆವ್ವ ತಲೆಯನ್ನೂ ಎತ್ತದೆ ಕೂಗಿದಳು:

"ಬರೇ ರೊಟ್ಟಿ ತಿನ್ನಬ್ಯಾಡ, ಡಬ್ಬ್ಯಾಗ ಶೇಂಗಾ ಚಟ್ನಿ ಐತಿ. ಮುಚ್ಚಳ ಗಟ್ಟಿ ಹಾಕು. ಹೋದ ಸಲ ಇರಿವಿ ಹತ್ತಿದ್ವು."

ಹುಡುಗಿಯ ಭುಜದ ಮೇಲೆ ತೇಲುತ್ತಿದ್ದ ಪುಟ್ಟ ದೀಪ ಇದ್ದಂತೆಯೇ ಉರಿಯಿತು.

ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಮಾಂತ್ರಿಕನೊಬ್ಬ ತಾನೂ ಒಳಗೆ ಬಂದು ಬುಟ್ಟಿಗೆ ಕೈ ಹಾಕಿದ. ಅವನ ದೀಪ ಬುಸ್ಸೆಂದು ಕಪ್ಪು ಹೊಗೆ ಉಗುಳಿತು. ಸಾವಂತ್ರೆವ್ವ ಕೈಯ ಮಣ್ಣು ಒರೆಸಿಕೊಳ್ಳುತ್ತ ಎದ್ದು ಬಂದಳು. "ಯಾರಪಾ ನೀನು? ಕಾಲಾಗ ಚಪ್ಪಲಿ ಬ್ಯಾರೆ!"

ಅರ್ಧ ಗಂಟೆಯೊಳಗೆ ಆ ಮಾಂತ್ರಿಕನ ದೂರು ಆಟದ ಕಚೇರಿಗೆ ತಲುಪಿತು. "ನಾಲ್ಕು ವರ್ಷ ಆಡಿ ಎಪ್ಪತ್ತನೆಯ ಹಂತಕ್ಕೆ ಬಂದಿದ್ದೇನೆ. ಮೂರು ರಕ್ಕಸರನ್ನು ಕೊಂದಿದ್ದೇನೆ. ಅವಳು ತಗೊಂಡರೆ ಏನೂ ಇಲ್ಲ, ನಾನು ತಗೊಂಡರೆ ಕಳ್ಳತನವೇ?"

ಆಟದ ನಿಯಮಗಳನ್ನು ಬರೆಯುವ ಇಂದುಮತಿ ಕಮ್ಮಾರ ಗದಗಿನ ತನ್ನ ಮನೆಯಲ್ಲಿ ಹುರುಳಿಕಾಯಿ ಸೋಸುತ್ತಲೇ ಅದನ್ನು ಓದಿ ನಕ್ಕಳು. ಅದು ಕಳ್ಳತನವೇ ಆಗಿತ್ತು. ಯಂತ್ರ ಸರಿಯಾಗಿಯೇ ಕೆಲಸ ಮಾಡಿತ್ತು.

'ಹನ್ನೆರಡು ಬಾಗಿಲು' ಎಂಬ ಆ ಆಟವನ್ನು ೨೦೫೮ರ ಹೊತ್ತಿಗೆ ನಾಡಿನ ಲಕ್ಷಾಂತರ ಮಂದಿ ಒಟ್ಟಿಗೆ ಆಡುತ್ತಿದ್ದರು. ಕಣ್ಣಿಗೆ ತೆಳುವಾದ ಕನ್ನಡಕ, ಕೈಗೆ ಗವಸು ಹಾಕಿಕೊಂಡರೆ ಸಾಕು, ಒಂದು ಮಾಯಾಕೋಟೆಯ ಸುತ್ತಲಿನ ಊರುಗಳಲ್ಲಿ ಓಡಾಡಬಹುದಿತ್ತು. ಆಟಗಾರರು ಬಿಲ್ಲುಗಾರರೋ ಮಾಂತ್ರಿಕರೋ ಆಗಿರುತ್ತಿದ್ದರು. ಸಾವಂತ್ರೆವ್ವನಂಥ 'ಊರವರ' ಹಿಂದೆ ಮನುಷ್ಯರಿರಲಿಲ್ಲ. ಅವರನ್ನು ನಡೆಸುತ್ತಿದ್ದುದು ಯಂತ್ರ. ಪ್ರತಿ ಆಟಗಾರನ ಭುಜದ ಮೇಲೂ ಅವನ ನಡತೆಯನ್ನು ತೋರಿಸುವ ದೀಪ. ಒಳ್ಳೆಯದು ಮಾಡಿದರೆ ಉಜ್ವಲ, ಕೆಟ್ಟದ್ದು ಮಾಡಿದರೆ ಹೊಗೆ. ಹೊಗೆಯಾಡುವವರಿಗೆ ಕೋಟೆಯ ಬಾಗಿಲು ತೆರೆಯುತ್ತಿರಲಿಲ್ಲ.

ಮೊದಮೊದಲು ಈ ದೀಪದ ನಿಯಮ ಬಹಳ ಸರಳವಾಗಿತ್ತು. ಕೇಳಿ ತಗೊಂಡರೆ ಒಳ್ಳೆಯವ, ಕೇಳದೆ ತಗೊಂಡರೆ ಕಳ್ಳ. ಧನ್ಯವಾದ ಹೇಳಿದರೆ ಒಂದು ಅಂಕ, ಭಿಕ್ಷುಕನಿಗೆ ಕೊಟ್ಟರೆ ಐದು. ಆಟಗಾರರು ಬೇಗನೆ ಜಾಣರಾದರು. ಬೆಳಿಗ್ಗೆ ಹತ್ತು ಮನೆ ದೋಚುವುದು, ಸಂಜೆ ಎರಡು ಡಜನ್ ಭಿಕ್ಷುಕರಿಗೆ ಬಾಳೆಹಣ್ಣು ಹಂಚಿ ದೀಪ ಬೆಳಗಿಸಿಕೊಳ್ಳುವುದು. ಈ ವ್ಯವಸ್ಥೆಯನ್ನು ಬರೆದವಳೂ ಇಂದುಮತಿಯೇ. ಅದರ ಬಗ್ಗೆ ಅವಳಿಗೆ ನಾಚಿಕೆಯಿತ್ತು.

ಅದಕ್ಕೇ ಅವಳು ದೀಪವನ್ನು ನಡೆಸಲು ಸಲಿಗೆ ಯಂತ್ರವನ್ನು ಕಟ್ಟಿದಳು. ಒಂದು ಕೆಲಸ ತಪ್ಪೋ ಸರಿಯೋ ಎಂಬುದು ಆ ಕೆಲಸದಲ್ಲಿಲ್ಲ, ಅದು ಯಾರ ಯಾರ ನಡುವೆ ನಡೆಯಿತು ಎಂಬುದರಲ್ಲಿದೆ ಎಂಬುದು ಅವಳ ವಾದ. ಬೆಟಗೇರಿಯ ನೇಕಾರರ ಓಣಿಯೊಂದರಲ್ಲಿ ಮನೆಮಂದಿಯ ಒಪ್ಪಿಗೆ ಪಡೆದು ಎರಡು ವರ್ಷ ಮಾತುಕತೆಗಳನ್ನು ದಾಖಲಿಸಿಕೊಂಡಳು. ಹೆಪ್ಪಿಗೆ ಮೊಸರು ಒಯ್ಯುವವರು, ಕೇಳದೆ ಒಣಮೆಣಸಿನಕಾಯಿ ಎತ್ತಿಕೊಂಡು ಹೋಗುವವರು, ಅದಕ್ಕೆ ಬೈಸಿಕೊಳ್ಳುವವರು, ಬೈಸಿಕೊಳ್ಳದವರು. ಅಷ್ಟನ್ನೂ ಯಂತ್ರಕ್ಕೆ ಕೇಳಿಸಿ, ಯಾರಿಗೆ ಯಾರ ಮನೆಯಲ್ಲಿ ಎಷ್ಟು ಸಲಿಗೆ ಎಂದು ತಾನೇ ಕಲಿಯಲು ಬಿಟ್ಟಳು. ಅದು ಕಲಿಯಿತು. ಆದರೆ ಹೇಗೆ ಕಲಿಯಿತು, ಯಾವುದನ್ನು ಹೆಚ್ಚು ತೂಗುತ್ತದೆ ಎಂಬುದು ಕಟ್ಟಿದವಳಿಗೂ ಪೂರ್ತಿ ತಿಳಿದಿರಲಿಲ್ಲ. ಇಂಥ ಯಂತ್ರಗಳ ಸ್ವಭಾವವೇ ಅದು.

ಒಳಕೋಣೆಯಿಂದ ಕನ್ನಡಕ ತೆಗೆದಿಟ್ಟ ಸದ್ದಾಯಿತು. ಸಾವಂತ್ರೆವ್ವನ ರೊಟ್ಟಿ ತಿಂದ ಬಿಲ್ಲುಗಾರ್ತಿ ಹೊರಗೆ ಬಂದಳು. ಹತ್ತು ವರ್ಷದ ನೇಸರಾ. ಅಡುಗೆಮನೆಯ ಹೊಸ್ತಿಲಾಚೆ ನಿಂತು ಮೆಲ್ಲಗೆ ಕೇಳಿದಳು:

"ಆಂಟಿ, ನೀರು ಕುಡೀಲೇನ್ರಿ?"

ಇಂದುಮತಿಯ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. "ಕುಡಿ ಪುಟ್ಟಾ. ಅದಕ್ಕ ಯಾಕ ಕೇಳ್ತಿ?"

ನೇಸರಾ ನೀರು ಕುಡಿದು, ಲೋಟ ತೊಳೆದು ಬೋರಲು ಹಾಕಿ, "ಥ್ಯಾಂಕ್ಯೂ ಆಂಟಿ" ಎಂದು ಹೋದಳು.

ನೇಸರಾ ಇಂದುಮತಿಯ ಗಂಡ ಪ್ರಭುದೇವನ ಮೊದಲ ಹೆಂಡತಿಯ ಮಗಳು. ತಾಯಿ ತೀರಿಕೊಂಡಾಗ ಏಳು ವರ್ಷ. ಇಂದುಮತಿ ಈ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಪ್ರಭುದೇವ ಕಪ್ಪತಗುಡ್ಡದ ಗಾಳಿಯಂತ್ರಗಳ ದುರಸ್ತಿಯಲ್ಲಿ ವಾರವೆಲ್ಲ ಹೊರಗಿರುತ್ತಿದ್ದ. ಉಳಿದವರು ಇವರಿಬ್ಬರೇ. ಹದಿನಾಲ್ಕು ತಿಂಗಳಲ್ಲಿ ಆ ಹುಡುಗಿ ಒಮ್ಮೆಯೂ ಹಟ ಮಾಡಿರಲಿಲ್ಲ. ಬಡಿಸಿದ್ದು ಉಣ್ಣುವಳು, ತಂದದ್ದು ತೊಡುವಳು. ನೆಂಟರೆಲ್ಲ "ಎಂಥಾ ಶಾಣ್ಯಾ ಹುಡಿಗಿ" ಎಂದು ಹೊಗಳುವಾಗ ಇಂದುಮತಿಗೆ ಅದು ಹೊಗಳಿಕೆಯೆಂದು ಅನಿಸುತ್ತಿರಲಿಲ್ಲ.

ಹೋದ ವಾರ ಕೊಪ್ಪಳದಿಂದ ನೇಸರಾಳ ಸೋದರಮಾವ ಬಸಲಿಂಗ ಫೋನು ಮಾಡಿದ್ದ. ಒಳ್ಳೆಯ ಮನುಷ್ಯ, ಮಾತು ಸುತ್ತುಬಳಸಿ ಆಡುವವನಲ್ಲ.

"ತಂಗೀ, ತಪ್ಪು ತಿಳೀಬ್ಯಾಡ. ಹುಡಿಗಿಗೆ ಹೆಂಗ ಇದ್ದೀಯವಾ ಅಂತ ಕೇಳಿದೆ. 'ಅವರು ಭಾಳ ಚಲೋ ನೋಡ್ಕೋತಾರ ಮಾವಾ' ಅಂದ್ಳು. ಹಾಸ್ಟೆಲ್ಲಿನ ಮಕ್ಕಳು ವಾರ್ಡನ್ ಬಗ್ಗೆ ಹೇಳ್ತಾರಲ್ಲ, ಹಂಗ. ನನಗ ನಿದ್ದಿ ಬರಲಿಲ್ಲ. ಸಾಲಿ ಸುರುವಾಗೂ ಮುಂಚೆ, ಬರೂ ರವಿವಾರ ಬರ್ತೀನಿ. ಅಕಿಗೆ ಮನಸಿದ್ರ ನಮ್ಮ ಮಕ್ಕಳ ಜೋಡಿ ಬೆಳೀಲಿ."

ಇಂದುಮತಿ ನೇಸರಾಳನ್ನು ಕೂರಿಸಿಕೊಂಡು ಕೇಳಿದ್ದಳು. "ನಿನಗ ಹೋಗಬೇಕು ಅನಸ್ತದೇನು?" ಹುಡುಗಿ ಕಾಲ ಬೆರಳು ನೋಡುತ್ತ "ನೀವು ಹೆಂಗ ಹೇಳ್ತೀರೋ ಹಂಗ" ಎಂದಿದ್ದಳು. ಬೇಡ ಎಂದಿದ್ದರೂ ಬೇಕು ಎಂದಿದ್ದರೂ ಇಂದುಮತಿ ತಡೆದುಕೊಳ್ಳುತ್ತಿದ್ದಳು. ಆ ವಿಧೇಯತೆಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಹುರುಳಿಕಾಯಿ ಒಲೆಯ ಮೇಲಿಟ್ಟು ಅವಳು ಯಂತ್ರದ ದಾಖಲೆ ತೆರೆದಳು. ಮಾಂತ್ರಿಕನ ದೂರಿಗೆ ಉತ್ತರ ಬರೆಯಬೇಕಿತ್ತು ಎಂಬುದು ನೆಪ. ಬೇಕಾಗಿದ್ದುದು ಬೇರೆ. ಇಲ್ಲದ ಮುದುಕಿಯೊಬ್ಬಳ ಅಡುಗೆಮನೆಯಲ್ಲಿ ಈ ಹುಡುಗಿಗೆ ಅಷ್ಟು ಸಲಿಗೆ ಹೇಗೆ ಬಂತು?

ನೇಸರಾ ಸಾವಂತ್ರೆವ್ವನಿಗೆ ನೀರು ತಂದುಕೊಟ್ಟದ್ದು, ಕೆಮ್ಮಣ್ಣು ಹೊತ್ತದ್ದು, ತೋಳದಿಂದ ಅವಳ ಮೇಕೆ ಉಳಿಸಿದ್ದು ಎಲ್ಲ ದಾಖಲಾಗಿತ್ತು. ಆದರೆ ಸಲಿಗೆಯ ಗೆರೆ ಅಲ್ಲೆಲ್ಲ ಮಲಗಿಕೊಂಡೇ ಇತ್ತು. ಅದು ಥಟ್ಟನೆ ಮೇಲೆದ್ದದ್ದು ಫೆಬ್ರವರಿಯ ಒಂದು ದಿನ. ಅವತ್ತು ನೇಸರಾ ಮರಿರಕ್ಕಸನನ್ನು ಅಟ್ಟಿಸಿಕೊಂಡು ಹೋಗಿ, ಒಣಗಲು ಇಟ್ಟಿದ್ದ ನಲವತ್ತು ಹಸಿ ಗಡಿಗೆಗಳನ್ನು ತುಳಿದು ಹಾಕಿದ್ದಳು. ಹೆದರಿ ಓಡಿಹೋಗಿ ಮೂರು ದಿನ ಆ ಬೀದಿಗೇ ಹೋಗಿರಲಿಲ್ಲ. ನಾಲ್ಕನೆಯ ದಿನ ಬಂದು, ಮಾತಾಡದೆ ಮಣ್ಣು ಕಲಸಲು ಕೂತಿದ್ದಳು. ಸಾವಂತ್ರೆವ್ವ ಹದಿನೈದು ನಿಮಿಷ ಬೈದಿದ್ದಳು. ಅವಳ ಕಣ್ಣು, ಅವಳ ಬುದ್ಧಿ, ಅವಳ ಬಿಲ್ಲು, ಯಾವುದನ್ನೂ ಬಿಟ್ಟಿರಲಿಲ್ಲ. ನೇಸರಾಳೂ ಎದುರು ಮಾತಾಡಿದ್ದಳು. ಆಮೇಲೆ ಇಬ್ಬರೂ ಮಿರ್ಚಿ ಭಜಿ ತಿಂದಿದ್ದರು. ಮರುದಿನದಿಂದ ಹುಡುಗಿ ಆ ಮನೆಯಲ್ಲಿ ಕೇಳುವುದನ್ನು ಬಿಟ್ಟಿದ್ದಳು.

ಇಂದುಮತಿ ಬೇರೆ ಆಟಗಾರರ ದಾಖಲೆಗಳನ್ನೂ ತೆರೆದಳು. ಎಲ್ಲ ಕಡೆ ಅದೇ. ಯಂತ್ರ ನೇಕಾರರ ಓಣಿಯಿಂದ ಕಲಿತದ್ದು ಇದನ್ನು: ಉಪಕಾರದಿಂದ ಗೌರವ ಬರುತ್ತದೆ, ಸಲಿಗೆ ಬರುವುದಿಲ್ಲ. ತಪ್ಪು ಮಾಡಿ, ಬೈಸಿಕೊಂಡು, ಮುನಿಸಿಕೊಂಡು, ಮತ್ತೆ ಬಂದವರಿಗೆ ಮಾತ್ರ ಅದು ಸಿಗುತ್ತದೆ.

ಕಳೆದ ಮಳೆಗಾಲದಲ್ಲಿ ನೇಸರಾ ಗಾಜಿನ ಜಗ್ಗು ಒಡೆದಿದ್ದಳು. "ಇರಲಿ ಬಿಡು ಪುಟ್ಟಾ" ಎಂದು ತಾನೇ ಚೂರು ಆರಿಸಿದ್ದಳು ಇಂದುಮತಿ. ಮಲತಾಯಿ ಬೈದಳು ಎಂಬ ಮಾತು ಬರಬಾರದೆಂದು ಹದಿನಾಲ್ಕು ತಿಂಗಳು ಒಂದು ಬಿರುಸು ಮಾತನ್ನೂ ಆಡಿರಲಿಲ್ಲ. ಅದನ್ನೇ ತನ್ನ ದೊಡ್ಡ ಗುಣವೆಂದುಕೊಂಡಿದ್ದಳು. ಪಲ್ಯ ತಳ ಹಿಡಿದ ವಾಸನೆ ಬಂದಾಗಲೇ ಅವಳು ಎದ್ದದ್ದು.

ಹಾಗಂತ ಬೈಯಲು ಕಾರಣ ಹುಡುಕಿಕೊಂಡು ಹೋಗಲಾಗುತ್ತದೆಯೇ? ಶನಿವಾರದವರೆಗೆ ಮನೆ ಮೊದಲಿನಂತೆಯೇ ಮೆತ್ತಗೆ ನಡೆಯಿತು.

ರವಿವಾರ ಮಧ್ಯಾಹ್ನ, ಬಸಲಿಂಗ ಬರುವನೆಂದು ಹೋಳಿಗೆಗೆ ಹಿಟ್ಟು ನಾದಿಟ್ಟು, ಉಡಲು ಸೀರೆ ತೆಗೆಯಲೆಂದು ಇಂದುಮತಿ ಟ್ರಂಕು ತೆರೆದಳು. ಅವಳ ತಾಯಿ ಕೈಮಗ್ಗದಲ್ಲಿ ತಾನೇ ನೇಯ್ದಿದ್ದ ಸೀರೆ ಮಡಿಕೆ ಕೆಟ್ಟು ಬಿದ್ದಿತ್ತು. ಕೆಂಪು ಸೆರಗಿನ ನಡುವೆ ಒಂದು ಮೊಳ ಅಗಲದ ಚೌಕ ಇರಲಿಲ್ಲ. ಆ ಚೌಕ ನೇಸರಾಳ ಮಂಚದ ಮೇಲಿತ್ತು. ಮುಂದಿನ ವಾರ ಊರಿನ ಆಟಗಾರರೆಲ್ಲ ವೇಷ ಹಾಕಿಕೊಂಡು ಸೇರುವವರಿದ್ದರು. ಅದಕ್ಕೆ ಬಿಲ್ಲುಗಾರ್ತಿಯ ಹೆಗಲುವಸ್ತ್ರ.

ಅಭ್ಯಾಸದಂತೆ "ಇರಲಿ ಬಿಡು" ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಸಿಟ್ಟು ಬಂತು. ಈ ಸಲ ಸಿಟ್ಟು ಮುಂದಾಯಿತು. ಆ ಕ್ಷಣದಲ್ಲಿ ಅವಳಿಗೆ ಯಂತ್ರವೂ ನೆನಪಿರಲಿಲ್ಲ, ದಾಖಲೆಯೂ ನೆನಪಿರಲಿಲ್ಲ.

"ಯಾರನ್ನ ಕೇಳಿ ಕತ್ರಿ ಹಾಕಿದಿ ಇದಕ್ಕ?"

"ಯಾರನ್ನೂ ಕೇಳಿಲ್ಲ."

"ನಮ್ಮವ್ವ ನೇಯ್ದ ಸೀರಿ ಇದು! ಒಳಗಿನ ತುದಿ ಕತ್ತರಿಸಿದ್ರ ಉಟ್ಟಾಗ ಕಾಣ್ತಿದ್ದಿಲ್ಲ. ಸೆರಗೇ ಸಿಕ್ತೇನು ನಿನಗ?"

"ಒಳಗಿನ ತುದ್ಯಾಗ ಕೆಂಪು ಇಲ್ಲ!"

"ಕೆಂಪು ಬೇಕಿದ್ರ ನನ್ನ ಕೇಳಬೇಕಿತ್ತು!"

"ಕೇಳಿದ್ರ ತಗೋ ಅಂತಿದ್ರಿ!" ನೇಸರಾಳ ದನಿ ಒಡೆಯಿತು. "ಏನು ಕೇಳಿದ್ರೂ ತಗೋ, ಏನು ಮಾಡಿದ್ರೂ ಇರಲಿ ಬಿಡು! ಬ್ಯಾಡ ಅನ್ನಾಕ ಬರೂದೇ ಇಲ್ಲೇನು ನಿಮಗ?"

"ಬರ್ತದ! ಈಗ ಅಂತೀನಿ, ಕೇಳು. ಬ್ಯಾಡ! ಇನ್ನೊಮ್ಮೆ ನನ್ನ ಟ್ರಂಕಿಗೆ ಕೈ ಹಾಕಿದ್ರ ಬೆರಳು ಮುರೀತೀನಿ."

"ನಾ ಮಾವನ ಜೋಡಿ ಕೊಪ್ಪಳಕ್ಕ ಹೋಗ್ತೀನಿ!"

"ಹೋಗು! ಆದ್ರ ಈ ಸೆರಗು ಕೂಡಿಸಿ ಹೊಲದು ಹೋಗು. ಸೂಜಿ ಹಿಡ್ಯಾಕ ಬರೂದಿಲ್ಲ, ಕತ್ತರಿಸಾಕ ದೊಡ್ಡ ದರ್ಜಿ!"

"ಬರ್ತದ ನನಗ!"

"ತೋರ್ಸು ನೋಡೂಣು!"

ನೇಸರಾ ಜೋರಾಗಿ ಅಳುತ್ತ ಸೂಜಿದಾರದ ಡಬ್ಬಿ ಎಳೆದುಕೊಂಡು ನೆಲಕ್ಕೆ ಕೂತಳು. ಆಗ ಇಬ್ಬರಿಗೂ ಬಾಗಿಲಲ್ಲಿ ನಿಂತ ಬಸಲಿಂಗ ಕಂಡ. ಪೇರಲ ಹಣ್ಣಿನ ಚೀಲ ಹಿಡಿದು ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಇಂದುಮತಿ ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಳು.

"ಮಾವಾ, ಕರ್ಕೊಂಡು ಹೋಗು ನನ್ನ" ಎಂದಳು ನೇಸರಾ ಬಿಕ್ಕುತ್ತ. "ಇಕಿ ನನ್ನ ಬೈತಾಳ."

"ಹೌದಾ? ದಿನಾ ಬೈತಾಳೇನು?"

"ಇಲ್ಲ. ಇವತ್ತೇ ಸುರು."

ಬಸಲಿಂಗ ಚೀಲ ಕೆಳಗಿಟ್ಟು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಒಮ್ಮೆ ಹುಡುಗಿಯನ್ನು, ಒಮ್ಮೆ ಕತ್ತರಿಸಿದ ಸೆರಗನ್ನು, ಒಮ್ಮೆ ಇಂದುಮತಿಯ ಕೆಂಪಾದ ಕಣ್ಣುಗಳನ್ನು ನೋಡಿದ. ಅವನ ಮೀಸೆ ಅಲುಗಿತು.

"ಹಂಗಾದ್ರ ಈಗ ಕರ್ಕೊಂಡು ಹೋಗೂದು ಸರಿ ಅಲ್ಲ, ಅವ್ವಾ. ಜಗಳ ಈಗ ಅರ್ಧಕ್ಕ ಬಂದೈತಿ. ನೀವಿಬ್ಬರೂ ಪೂರ್ತಿ ಮುಗಿಸ್ರಿ. ದೀಪಾವಳಿಗೆ ಬಂದು ಕೇಳ್ತೀನಿ."

"ಅಲ್ಲೀತನಕ ಇಕಿ ಜೋಡಿ ಇರ್ಲೇನು ನಾ?"

"ನಿನ್ನ ಖುಷಿ. ಬ್ಯಾಡಂದ್ರ ಈಗಲೇ ಎದ್ದು ಬಾ, ಬಸ್ಸು ಐದಕ್ಕೈತಿ."

ನೇಸರಾ ಏಳಲಿಲ್ಲ. ಮೂಗು ಒರೆಸಿಕೊಂಡು ಸೂಜಿಯ ಕಣ್ಣಿಗೆ ದಾರ ತೋರಿಸಿದಳು. ಹೋಗಲಿಲ್ಲ. ಎಂಜಲು ಮಾಡಿ ಮತ್ತೆ ತೋರಿಸಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, ಸೂಜಿ ಹಿಡಿದ ಕೈಯನ್ನು ಇಂದುಮತಿಯ ಕಡೆಗೆ ಚಾಚಿದಳು.

"ಪೋಣಿಸಿ ಕೊಡು. ಕಾಣವಲ್ದು ನನಗ."

ಇಂದುಮತಿ ಪಕ್ಕದಲ್ಲಿ ಕೂತು ಪೋಣಿಸಿದಳು. ಅವಳಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಮೂರು ಸಲ ತಪ್ಪಿತು.

ಐದರ ಬಸ್ಸಿಗೆ ಬಸಲಿಂಗ ಒಬ್ಬನೇ ಹೋದ, ಹತ್ತು ಹೋಳಿಗೆ ಕಟ್ಟಿಸಿಕೊಂಡು.

ಮರುವಾರ ಆಟದ ಕಂಪನಿಯವರು ಇಂದುಮತಿಗೆ ಒಂದು ಸೂಚನೆ ಕಳಿಸಿದರು. ಯಾವ ಊರವರಲ್ಲಿ ತಮಗೆಷ್ಟು ಸಲಿಗೆ ಎಂಬುದು ಆಟಗಾರರಿಗೆ ಅಂಕೆಯಲ್ಲಿ ಕಾಣುವಂತೆ ಮಾಡಬೇಕು, ಗ್ರಾಹಕರು ಕೇಳುತ್ತಿದ್ದಾರೆ. ಅವಳು ಒಪ್ಪಲಿಲ್ಲ. ಅಂಕೆ ಕಂಡರೆ ಜನ ಗಡಿಗೆ ಒಡೆಯುವುದನ್ನೂ ಬೈಸಿಕೊಳ್ಳುವುದನ್ನೂ ಬಾಯಿಪಾಠ ಮಾಡಿಬಿಡುತ್ತಾರೆ ಎಂದು ಬರೆದಳು. ಎದುರಿನವರ ಮುಖ ನೋಡಿಯೇ ತಿಳಿಯಬೇಕಾದದ್ದನ್ನು ಮುಖ ನೋಡಿಯೇ ತಿಳಿಯಲಿ. ಬಹಳ ಚರ್ಚೆಯ ನಂತರ ಕಂಪನಿ ಸುಮ್ಮನಾಯಿತು.

ಆ ಕಾಲ ಬರಲು ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಇದೆ. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಪಟ್ಟಿಗಳಿವೆ. ಹಾಲು ಕುಡಿದರೆ ಒಂದು ನಕ್ಷತ್ರ, ಆಟಿಕೆ ಹಂಚಿಕೊಂಡರೆ ಇನ್ನೊಂದು, ಹಟ ಮಾಡದಿದ್ದರೆ ವಾರದ ಕೊನೆಗೆ ಬಂಗಾರ ಬಣ್ಣದ್ದು. ಮಕ್ಕಳು ಬೇಗ ಕಲಿಯುತ್ತಾರೆ, ನಕ್ಷತ್ರಗಳು ತುಂಬುತ್ತವೆ. ಪಟ್ಟಿಯಲ್ಲಿ ಒಂದೂ ಖಾಲಿ ಮನೆಯಿಲ್ಲವೆಂದು ನೆಂಟರ ಮುಂದೆ ಹೆಮ್ಮೆಯಿಂದ ತೋರಿಸುವ ಮೊದಲು, ಆ ಮಗು ಕೊನೆಯ ಸಲ ನಮ್ಮ ಮೇಲೆ ಮುನಿಸಿಕೊಂಡದ್ದು ಯಾವಾಗ ಎಂದು ಸ್ವಲ್ಪ ನೆನಪು ಮಾಡಿಕೊಳ್ಳುವುದು ಒಳ್ಳೆಯದು.