ಐದನೆಯ ಪ್ರತಿ

ಮಂಗಳವಾರ ಬೆಳಿಗ್ಗೆ ಮಗಳು ತಂದು ಮೇಜಿನ ಮೇಲಿಟ್ಟ ಕಪ್ಪು ಪುಸ್ತಕವನ್ನು ಅಂಟುರಾಯ ಮುಟ್ಟುವ ಮೊದಲೇ ಗುರುತು ಹಿಡಿದ. ತಾನೇ ಕಟ್ಟಿದ ಪುಸ್ತಕ ಯಾವ ಬೈಂಡರಿಗೆ ತಾನೆ ಗೊತ್ತಾಗುವುದಿಲ್ಲ? ಅದರಲ್ಲೂ ಇದು ತನ್ನ ಅಪ್ಪನ ಸಹಾಯವಿಲ್ಲದೆ ಅವನು ಕಟ್ಟಿದ ಮೊದಲ ಥೀಸಿಸ್. ಬೆನ್ನು ಕೊಂಚ ಸೊಟ್ಟಗಿತ್ತು.

"ಅಪ್ಪ, ಇದಕ್ಕೊಂಚೂರು ಜೀವ ಬರಿಸ್ಬೇಕಲ್ಲ," ಎಂದಳು ಮಗಳು. ಅವಳು ಅದೇ ವಿಶ್ವವಿದ್ಯಾಲಯದ ಗ್ರಂಥಪಾಲಕಿ. "ಶುಕ್ರವಾರ ಪ್ರದರ್ಶನ ಇದೆ. ಈ ವಿಶ್ವವಿದ್ಯಾಲಯ ಬೆಳೆಸಿದ ಐದು ಜನ ಹೆಂಗಸರ ಫೋಟೋ, ಕೆಳಗೆ ಗಾಜಿನ ಪೆಟ್ಟಿಗೇಲಿ ಅವರವರ ಥೀಸಿಸ್. ಅದರಲ್ಲಿ ನಮ್ಮ ಮೇಡಂದು ನೋಡು, ರಟ್ಟು ಕಿತ್ತು ಕೈಗೆ ಬರ್ತಿದೆ."

"ಯಾರು ಕಟ್ಟಿದ್ದೋ ಏನೋ."

"ಯಾರೋ ಕೈಲಾಗದೋನು," ಎಂದು ನಕ್ಕು, ಅಪ್ಪನ ಹೆಗಲು ತಟ್ಟಿ ಹೋದಳು.

ಅಂಟುರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆ ಥೀಸಿಸ್ ಬರೆದವಳು ಇಟ್ಟಿದ್ದು.

ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಗ್ರಂಥಾಲಯದ ಹಿಂದೆ ನಾಲ್ಕು ಮೆಟ್ಟಿಲು ಇಳಿದರೆ ಬೈಂಡಿಂಗ್ ಕೋಣೆ. ಒಂದೇ ಕಿಟಕಿ, ಅಂಟಿಸಿದ ಪುಸ್ತಕ ಒತ್ತುವ ಒಂದು ಕಬ್ಬಿಣದ ಪ್ರೆಸ್, ದಾರದ ಉಂಡೆಗಳು, ಅಂಟಿನ ಡಬ್ಬಿ, ಜೊತೆಗೆ ಅವನ ಅಪ್ಪ ಮತ್ತು ಅವನು. ಸಂಜೆ ಐದಕ್ಕೆ ಬೀಗ. ಅವಳು ಬರುತ್ತಿದ್ದದ್ದು ಐದಕ್ಕೆ ಐದು ನಿಮಿಷವಿದ್ದಾಗ. ಅದಕ್ಕೇ ಅಪ್ಪ ಅವಳನ್ನು 'ಐದು ಗಂಟೆ' ಎಂದೇ ಕರೆಯುತ್ತಿದ್ದರು. "ಬಂದಳಪ್ಪ ನಿನ್ನ ಐದು ಗಂಟೆ," ಎಂದರೆ ಮಗನ ಕಿವಿ ಕೆಂಪಗಾಗುತ್ತಿತ್ತು.

"ಬೀಗ ಹಾಕೋ ಹೊತ್ತಿಗೇ ಬರ್ಬೇಕಾ ನೀವು?"

"ಹಾಕಿದ್ಮೇಲೆ ಬಂದ್ರೆ ಒಳಗೆ ಬಿಡ್ತೀರಾ, ಅಂಟುರಾಯರೇ?"

ಹುಡುಗಿಯರು ಅರ್ಧಕ್ಕೇ ಶಾಲೆ ಬಿಡುವುದೇಕೆ ಎಂಬುದು ಅವಳ ಸಂಶೋಧನೆ. ಮುನ್ನೂರು ಮನೆಗಳ ಬಾಗಿಲು ತಟ್ಟಿ, ಜಗಲಿಯಲ್ಲೋ ಅಡುಗೆಮನೆಯಲ್ಲೋ ಕೂತು, ಕೇಳಿ ಬರೆದುಕೊಂಡು ಬಂದಿದ್ದಳು. ಒಂದೊಂದು ಅಧ್ಯಾಯ ಮುಗಿದಾಗಲೂ ಬೈಂಡಿಂಗ್ ಕೋಣೆಯ ಸ್ಟೂಲಿನ ಮೇಲೆ ಕೂತು ಅವನಿಗೆ ಓದಿ ಹೇಳುತ್ತಿದ್ದಳು. ಅವನು ಹತ್ತನೆಯ ಕ್ಲಾಸಿಗೇ ಪುಸ್ತಕ ಮುಚ್ಚಿದವನು.

"ನಿಮಗೆ ಅರ್ಥವಾದ್ರೆ ಊರಿಗೆಲ್ಲ ಅರ್ಥವಾಗುತ್ತೆ."

"ಇದು ಹೊಗಳಿಕೆನೋ ಬೈಗುಳನೋ?"

"ಯಾವ ಕಡೆ ಬೇಕೋ ಆ ಕಡೆ ಅಂಟಿಸ್ಕೊಳ್ಳಿ."

ಅವಳ ನಡುಬೆರಳಲ್ಲಿ ಯಾವಾಗಲೂ ನೀಲಿ ಮಸಿಯ ಕಲೆ. ಪುಟ ಮಗುಚುವಾಗ ಅವನ ಕಣ್ಣು ಆ ಬೆರಳಿನ ಮೇಲೇ ಇರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು; ಬೇಕೆಂದೇ ನಿಧಾನವಾಗಿ ಮಗುಚುತ್ತಿದ್ದಳು. ಆಮೇಲೆ ತಲೆಯೆತ್ತದೆ ಕಣ್ಣು ಮಾತ್ರ ಎತ್ತಿ, ತುಟಿಯಂಚಿನಲ್ಲೇ ನಗು ತಡೆದು, "ಎಲ್ಲಿದ್ದೆ ನಾನು?" ಎನ್ನುವಳು. ಅವನು ತಬ್ಬಿಬ್ಬಾಗಿ ಕುಂಚ ಹುಡುಕುವನು. ಕುಂಚ ಅವನ ಕೈಯಲ್ಲೇ ಇರುತ್ತಿತ್ತು.

ಒಮ್ಮೆ ಅವನೇ ಹೇಳಿದ್ದ, "ಥೀಸಿಸ್‌ನಲ್ಲಿ ನನಗೆ ತಿಳಿಯೋದು ಕೃತಜ್ಞತೆ ಪುಟ ಒಂದೇ. ಎಲ್ಲರದ್ದೂ ಅದನ್ನ ಓದೇ ಕಟ್ಟೋದು."

"ನನ್ನದೂ ಓದ್ತೀರಾ?"

"ಮೊದಲು ಓದೋದೇ ನಿಮ್ಮದು."

ಅವಳು ಅಂದು ಉಳಿದ ಪುಟ ಓದದೆ ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು.

ಥೀಸಿಸ್ ಒಪ್ಪಿಸುವ ಹಿಂದಿನ ದಿನ ಅಪ್ಪ ಜ್ವರ ಬಂದು ಮಲಗಿದ್ದರು. ಅವಳು ಐದು ಪ್ರತಿಗಳ ಕಟ್ಟು ತಂದಿಟ್ಟು, "ಐದನೇದನ್ನ ಜೋಪಾನ," ಎಂದಷ್ಟೇ ಹೇಳಿ, ತಮಾಷೆ ಗಿಮಾಷೆ ಏನೂ ಮಾಡದೆ ಹೊರಟುಹೋದಳು. ಐದನೆಯದರ ಮೇಲೆ ಒಂದು ಹಾಳೆ ಹೆಚ್ಚಿಗೆ ಇತ್ತು. ಉಳಿದದ್ದೆಲ್ಲ ಟೈಪು, ಅದೊಂದು ಕೈಬರಹ. 'ಕೃತಜ್ಞತೆ: ಈ ಒಂದು ಪ್ರತಿಯಲ್ಲಿ ಮಾತ್ರ.'

ಆ ತಿಂಗಳು ಅವಳನ್ನು ಗೇಟಿನವರೆಗೆ ಸ್ಕೂಟರಿನಲ್ಲಿ ಬಿಡುತ್ತಿದ್ದ ಒಬ್ಬ ಮೇಷ್ಟರಿದ್ದರು. ಇನ್ಯಾರಿಗಾಗಿ ಕೈಯಾರೆ ಬರೆಯುತ್ತಾಳೆ? ಆ ಹೆಸರು ಓದುವ ಧೈರ್ಯ ಅವನಿಗೆ ಸಾಲಲಿಲ್ಲ. ಮುಖ ತಿರುಗಿಸಿಕೊಂಡು ಅಂಟು ಬಳಿದ. ರಟ್ಟಿಗೂ ಮೊದಲ ಹಾಳೆಗೂ ನಡುವೆ ಖಾಲಿ ಹಾಳೆಯೊಂದನ್ನು ಕೂರಿಸಬೇಕು. ಅದರ ಅಂಚಿಗೆ ಒಂದು ಬೆರಳಗಲ ಅಂಟು ಹಾಕಿದರೆ ಸಾಕು. ಅವನು ಗೋಡೆ ನೋಡಿಕೊಂಡು ಎಷ್ಟು ಬಳಿದನೋ ದೇವರಿಗೇ ಗೊತ್ತು. ಪುಟದ ಗುರುತಿಗೆಂದು ಎಂದಿನಂತೆ ಐದಕ್ಕೂ ಬಿಳಿ ದಾರ ಹಾಕಿ ಪ್ರೆಸ್ಸಿಗೆ ಕೊಟ್ಟ.

ಮರುದಿನ ಅವಳು ಬಂದು ಐದನೆಯದನ್ನೇ ಮೊದಲು ತೆರೆದಳು. ಮೊದಲ ಹಾಳೆಯನ್ನು ಬೆರಳಲ್ಲಿ ತಡವಿ, ದಾರವನ್ನು ಎತ್ತಿ ನೋಡಿ, ಪುಸ್ತಕ ಮುಚ್ಚಿದಳು.

"ಚೆನ್ನಾಗಿದೆ, ಬೈಂಡರ್ ಅವರೇ," ಎಂದಳು. ಅಂಟುರಾಯ ಎನ್ನಲಿಲ್ಲ. ಅಲ್ಲಿಂದ ಮುಂದೆ ಯಾವತ್ತೂ ಅನ್ನಲಿಲ್ಲ.

ಎರಡು ವರ್ಷದ ಮೇಲೆ ಅವಳ ಮದುವೆಯಾಯಿತು. ಸ್ಕೂಟರಿನ ಮೇಷ್ಟರ ಜೊತೆ ಅಲ್ಲ, ಮನೆಯವರು ನೋಡಿದ ಡಾಕ್ಟರ ಜೊತೆ. ಅಪ್ಪ ಮಗ ಇಬ್ಬರೂ ಹೋಗಿ ಊಟ ಮಾಡಿ ಬಂದರು. ಮರುವರ್ಷ ಅವನೂ ಮದುವೆಯಾದ. ಹೆಂಡತಿಗೆ ಮಾತು ಕಡಿಮೆ, ನಗು ಜಾಸ್ತಿ. ಅವಳ ಬಗ್ಗೆ ಅವನಿಗೆ ಅಂದೂ ದೂರಿರಲಿಲ್ಲ, ಇಂದೂ ಇಲ್ಲ.

ಐದು ಗಂಟೆ ಹುಡುಗಿ ಮೇಡಂ ಆದಳು. ಅವನ ಬಾಯಲ್ಲಿ 'ಅವಳು' ಹೋಗಿ 'ಅವರು' ಬಂತು. ವಿಭಾಗದ ಮುಖ್ಯಸ್ಥೆಯಾದರು, ಕೊನೆಗೆ ಆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಕುಲಪತಿಯಾದರು. ಹುಡುಗಿಯರಿಗೆ ಮಾತ್ರ ಆರು ಗಂಟೆಗೇ ಮುಚ್ಚುತ್ತಿದ್ದ ಗ್ರಂಥಾಲಯದ ಬಾಗಿಲಲ್ಲಿ ತಾವೇ ಕುರ್ಚಿ ಹಾಕಿಕೊಂಡು ಕೂತು, ಆ ನಿಯಮ ರದ್ದಾಗುವವರೆಗೂ ಏಳಲಿಲ್ಲ. ಕೂಸಿರುವ ತಾಯಂದಿರು ಓದು ಬಿಡಬಾರದೆಂದು ಪಕ್ಕದಲ್ಲೇ ತೊಟ್ಟಿಲ ಕೋಣೆ ಮಾಡಿಸಿದರು. ಅವರ ಕೈಕೆಳಗೆ ಇಪ್ಪತ್ತಾರು ಮಂದಿ ಡಾಕ್ಟರೇಟ್ ಪಡೆದರು. ಕುಲಪತಿಯಾದ ಮೇಲೂ ಪ್ರತಿ ಥೀಸಿಸ್ಸನ್ನೂ ಆ ನಾಲ್ಕು ಮೆಟ್ಟಿಲು ಇಳಿದು ತಾವೇ ತಂದುಕೊಡುತ್ತಿದ್ದರು, ಐದಕ್ಕೆ ಐದು ನಿಮಿಷವಿದ್ದಾಗ.

ಅವರು ಹೋದ ಮೇಲೆ ಅಂಟುರಾಯ ಕೃತಜ್ಞತೆಯ ಪುಟ ಓದುತ್ತಿದ್ದ. 'ನನ್ನ ಮಗು ಅತ್ತಾಗ ಎತ್ತಿಕೊಂಡು ಕಾರಿಡಾರಿನಲ್ಲಿ ಓಡಾಡಿದ ಮೇಡಂಗೆ.' 'ಓದು ಬಿಡುತ್ತೇನೆ ಎಂದಾಗ ಬೈಯದೆ, ನನ್ನ ಮನೆಗೇ ಬಂದು ಪಾತ್ರೆ ತೊಳೆದು, ಈಗ ಬರಿ ಎಂದವರಿಗೆ.' ಅವನಿಗೆ ಅವರ ಬದುಕು ತಿಳಿದದ್ದೇ ಈ ಇಪ್ಪತ್ತಾರು ಪುಟಗಳಿಂದ. ಯಾರೂ ಬರೆಯದ ಇಪ್ಪತ್ತೇಳನೆಯದು ಅವನ ಮನೆಯಲ್ಲೇ ನಡೆಯಿತು. ಮಗಳ ಪರೀಕ್ಷೆಯ ವರ್ಷ ಹೆಂಡತಿ ತೀರಿಕೊಂಡಳು. ಮಗಳು ಪುಸ್ತಕ ಮುಟ್ಟಲೊಲ್ಲೆ ಎಂದಳು. ಮೇಡಂ ಬಂದು ಅವಳ ಕೈಗೊಂದು ಬೀಗದ ಕೈ ಕೊಟ್ಟು, "ಇದು ನನ್ನ ರೂಮಿಂದು. ಬೆಳಿಗ್ಗೆ ಅಲ್ಲಿ ಕೂತು ಅಳು, ಮಧ್ಯಾಹ್ನ ಅಲ್ಲೇ ಕೂತು ಓದು," ಎಂದಿದ್ದರು.

ಇಷ್ಟು ದಿನದ ಮೇಲೆ ಆ ಸೊಟ್ಟ ಬೆನ್ನಿನ ಪುಸ್ತಕ ಮತ್ತೆ ಅವನ ಮುಂದಿತ್ತು. ಮಂಗಳವಾರ ಮಧ್ಯಾಹ್ನ ತೆಳು ಚಾಕುವಿನಿಂದ ರಟ್ಟು ಬಿಡಿಸುತ್ತಿದ್ದಾಗ ಮೊದಲ ಹಾಳೆ ದಪ್ಪ ಅನ್ನಿಸಿತು. ಹಳೆಯ ಅಂಟು ಒಣಗಿ ಪುಡಿಯಾಗಿತ್ತು. ಚಾಕು ಜಾರಿತು, ಎರಡು ಹಾಳೆ ಬೇರೆಯಾದವು. ನೀಲಿ ಮಸಿ ಅಲ್ಲಲ್ಲಿ ಹರಡಿದ್ದರೂ ಓದಲು ಬರುತ್ತಿತ್ತು.

'ಮುನ್ನೂರು ಬಾಗಿಲು ತಟ್ಟಿದವಳಿಗೆ ಒಂದು ಬಾಗಿಲು ತಟ್ಟಲು ಮಾತ್ರ ಇಷ್ಟು ದಿನ ಬೇಕಾಯಿತು. ಅಂಟುರಾಯರೇ, ಇದರ ಪ್ರತಿ ಅಧ್ಯಾಯವನ್ನೂ ಮೊದಲು ಕೇಳಿದವರು ನೀವು. ನಿಮಗೆ ಅರ್ಥವಾಗದ ಸಾಲುಗಳನ್ನೆಲ್ಲ ಹೊಡೆದುಹಾಕಿದ್ದೇನೆ, ಉಳಿದದ್ದೆಲ್ಲ ನಿಮ್ಮದೇ. ನನ್ನನ್ನೂ ಉಳಿಸಿಕೊಳ್ಳುವ ಮನಸ್ಸಿದ್ದರೆ ಬಾಯಿಬಿಟ್ಟು ಹೇಳಬೇಡಿ, ನೀವು ಹೇಳುವವರಲ್ಲ. ಎಲ್ಲ ಪ್ರತಿಗೂ ಬಿಳಿ ದಾರ ಹಾಕುತ್ತೀರಿ, ಈ ಒಂದಕ್ಕೆ ಕೆಂಪು ಹಾಕಿ. ಬಿಳಿಯೇ ಇದ್ದರೆ ಅರ್ಥ ಮಾಡಿಕೊಳ್ಳುತ್ತೇನೆ, ಈ ಮಾತು ಮತ್ತೆಂದೂ ಎತ್ತುವುದಿಲ್ಲ. ಇಂತಿ, ಐದು ಗಂಟೆ.'

ಅಂಟುರಾಯ ಸ್ಟೂಲಿನ ಮೇಲೆ ಕೂತ. ಓದುತ್ತೇನೆಂದು ಮಾತು ಕೊಟ್ಟ ಒಂದೇ ಒಂದು ಪುಟವನ್ನು ಹೆದರಿ ಬಿಟ್ಟಿದ್ದ. ಬಿಳಿ ದಾರವನ್ನು ತನ್ನ ಕೈಯಾರೆ ಹಾಕಿ ಕಳಿಸಿದ್ದ.

ಬುಧವಾರ ಇಡೀ ದಿನ ಅಂಟು ಕಲಸಿದ, ಅದು ಒಣಗಿತು, ಮತ್ತೆ ಕಲಸಿದ. ಹೇಳದೆ ಇದ್ದರೆ, ಇವನು ನನ್ನನ್ನು ಬೇಡವೆಂದ ಎಂದೇ ಅವರು ಕೊನೆಯವರೆಗೂ ತಿಳಿದಿರುತ್ತಾರೆ. ಹೇಳಿದರೆ, ಪಾರ್ಶ್ವವಾಯು ಬಡಿದು ಮಲಗಿದ ಗಂಡನನ್ನು ನೋಡಿಕೊಳ್ಳುತ್ತಿರುವ ಜೀವಕ್ಕೆ ಇದೊಂದು ಹೊರೆ. ಅಷ್ಟರಲ್ಲಿ ಮಗಳು ಬಾಗಿಲಲ್ಲಿ ಇಣುಕಿ, "ಊಟ ಆಯ್ತಾ ಅಪ್ಪ?" ಎಂದಳು. ಆ ಪುಟ ಅಂದೇ ತೆರೆದಿದ್ದರೆ ಇವಳು ಇರುತ್ತಿರಲಿಲ್ಲ. ಇವಳ ಮುಖ ನೋಡುತ್ತ ಅಯ್ಯೋ ಎನ್ನಲೂ ಅವನಿಗೆ ಬಾಯಿ ಬರಲಿಲ್ಲ.

ಗುರುವಾರ ನಾಲ್ಕು ಗಂಟೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

"ಬೈಂಡರ್ ಅವರೇ, ನನ್ನ ಪುಸ್ತಕ ರಿಪೇರಿ ಆಯ್ತಾ?"

"ಬನ್ನಿ ಮೇಡಂ. ಇವತ್ತೇನು ನಾಲ್ಕಕ್ಕೇ?"

"ಐದಕ್ಕೆ ಹೊರಡ್ಬೇಕು. ಅವರಿಗೆ ಔಷಧಿ ಹೊತ್ತು. ನರ್ಸ್ ಕೊಟ್ರೆ ಬಾಯಿ ಬಿಡಲ್ಲ, ನನ್ನ ಮುಖವೇ ಕಾಣ್ಬೇಕು. ನಾಳೆ ಮತ್ತೆ ಬಿಟ್ಟು ಬರಕ್ಕಾಗಲ್ಲ, ಅದಕ್ಕೇ ನನ್ನ ಫೋಟೋನ ಇವತ್ತೇ ನೋಡ್ಕೊಂಡು ಬಂದೆ. ಎಷ್ಟು ಮುದುಕಿ ಮಾಡಿಟ್ಟಿದ್ದಾರೆ ರೀ ನನ್ನ!"

ನಗುತ್ತಲೇ ಪುಸ್ತಕ ಎಳೆದುಕೊಂಡು ತೆರೆದರು. ಹಾಳೆ ಬಿಚ್ಚಿಕೊಂಡಿತು. ನಗು ಅಲ್ಲೇ ನಿಂತಿತು.

"ಯಾಕೆ ತೆಗೆದ್ರಿ ಇದನ್ನ? ನೀವೇ ಅಂಟಿಸಿದ್ದಲ್ವಾ?" ಎಂದು ಮೆಲ್ಲಗೆ ಕೇಳಿದರು. "ನಾನೇನೂ ಬೇಜಾರು ಮಾಡ್ಕೊಂಡಿರಲಿಲ್ಲ. ಬಿಳಿ ದಾರ ನೋಡಿ ಸಂಕಟವಾಯ್ತು, ನಿಜ. ಆದ್ರೆ ಬೇರೆಯವರ ಕಣ್ಣಿಗೆ ಬೀಳದ ಹಾಗೆ ಪುಟಾನ ಮುಚ್ಚಿ ಕೊಟ್ಟಿದ್ರಲ್ಲ, ಬೇಡ ಅನ್ನೋದನ್ನೂ ಎಷ್ಟು ಮರ್ಯಾದೆಯಿಂದ ಹೇಳಿದ್ರು ಅಂದ್ಕೊಂಡೆ. ಗ್ರಂಥಾಲಯಕ್ಕೆ ಕೊಡೋ ಮೊದಲು ಹರಿದು ಹಾಕೋಣ ಅಂತಿದ್ದೋಳು ಹಾಗೇ ಬಿಟ್ಟೆ."

ಈಗ ಸುಮ್ಮನೆ ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಅಂಟುರಾಯನಿಗೆ ಅದು ಸಾಧ್ಯವಾಗಲಿಲ್ಲ.

"ನಾನು ಓದಿರಲಿಲ್ಲ ಮೇಡಂ."

"ಅಂದ್ರೆ?"

"ಮೊನ್ನೆ ಓದಿದೆ. ಮಂಗಳವಾರ. ಅವತ್ತು ಮೇಲಿನ ಸಾಲು ನೋಡಿ, ಒಳಗೆ ಆ ಸ್ಕೂಟರ್ ಮೇಷ್ಟರ ಹೆಸರಿರುತ್ತೆ ಅಂದ್ಕೊಂಡು ಮುಖ ತಿರುಗಿಸ್ದೆ. ಅಂಟು ಜಾಸ್ತಿಯಾಯ್ತು. ಅಷ್ಟೇ ಆಗಿದ್ದು."

"ಆ ಮೇಷ್ಟ್ರು ನನ್ನ ಚಿಕ್ಕಮ್ಮನ ಮಗ ಕಣ್ರೀ," ಎಂದವರೇ ನಕ್ಕುಬಿಟ್ಟರು. ನಗುತ್ತ ನಗುತ್ತಲೇ ಕಣ್ಣು ತುಂಬಿ ಬಂತು. ಸೆರಗಿನಿಂದ ಮುಖ ಒತ್ತಿಕೊಂಡರು. ಎಷ್ಟೋ ಸಭೆಗಳನ್ನು ಒಂದೇ ಮಾತಿನಲ್ಲಿ ಸುಮ್ಮನಾಗಿಸಿದ್ದ ಹೆಂಗಸು ಈಗ ಬಿಕ್ಕುತ್ತಿದ್ದಳು. ಅಂಟುರಾಯನಿಗೆ ಅವರು ಮತ್ತೆ ಅವಳಾಗಿ ಕಂಡಳು.

"ಎರಡು ವರ್ಷ ಕಾದೆ," ಎಂದಳು. "ಬಿಳಿ ದಾರ ನೋಡಿದ್ಮೇಲೂ."

"ನನ್ನ ತಪ್ಪು."

"ತಪ್ಪು ನನ್ನದೂ ಇದೆ. ಮುನ್ನೂರು ಮನೇಲಿ ಬಾಯಿಬಿಟ್ಟು ಕೇಳ್ದೋಳು, ಇಲ್ಲಿ ಕೇಳಲಿಲ್ಲ." ಪುಸ್ತಕವನ್ನು ಅವನ ಕಡೆ ತಳ್ಳಿದಳು. "ಓದಿ. ನನ್ನೆದುರಿಗೆ, ಗಟ್ಟಿಯಾಗಿ."

ಅವನು ಓದಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಆದರೆ ತುಟಿಗಳು ಅವನ ಜೊತೆಗೇ ಆಡುತ್ತಿದ್ದವು. ಒಂದಕ್ಷರವೂ ಮರೆತಿರಲಿಲ್ಲ. 'ನನ್ನನ್ನೂ ಉಳಿಸಿಕೊಳ್ಳುವ' ಎಂಬಲ್ಲಿ ಅವನು ಓದು ನಿಲ್ಲಿಸಿದ. ಉಳಿದದ್ದನ್ನು ಅವಳೇ ಹೇಳಿ ಮುಗಿಸಿದಳು.

"ಅವತ್ತು ಓದಿದ್ರೆ ಏನಂತಿದ್ರಿ?"

"ನಾನು ಹೇಳೋನಲ್ಲ ಅಂತ ನೀವೇ ಬರೆದಿದ್ದೀರಲ್ಲ."

ಡ್ರಾಯರ್ ಎಳೆದು, ಕಚೇರಿಯ ಕಡತಗಳಿಗೆ ಹಾಕುವ ಕೆಂಪು ದಾರ ತೆಗೆದ. ಕತ್ತರಿಯಿಂದ ಬಿಳಿ ದಾರವನ್ನು ಕತ್ತರಿಸಿ, ಆ ಜಾಗಕ್ಕೆ ಕೆಂಪನ್ನು ಇಟ್ಟು ಅಂಟಿಸಿದ. ಅವಳು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

"ನನ್ನ ಗಂಡ ತುಂಬ ಒಳ್ಳೆಯವರು, ಅಂಟುರಾಯರೇ."

ಮೂವತ್ತನಾಲ್ಕು ವರ್ಷದ ಮೇಲೆ ಆ ಹೆಸರು. ಅವನು ತಲೆ ತಗ್ಗಿಸಿಯೇ, "ಗೊತ್ತು," ಎಂದ. "ನನ್ನೋಳೂ ಒಳ್ಳೆಯೋಳು."

"ಪುಟ ಅಂಟಿಸಿಬಿಡಿ."

"ಅಂಚಿಗೆ ಮಾತ್ರ ಹಚ್ಲಾ? ಯಾವತ್ತಾದ್ರೂ ಬಿಡಿಸಬಹುದು."

"ಬೇಡ. ಪೂರ್ತಿ ಹಚ್ಚಿ. ಈ ಸಲ ಓದಿದ್ದೀರಲ್ಲ."

ಅವಳು ಹಾಳೆಯ ತುದಿ ಹಿಡಿದಳು, ಅವನು ಕುಂಚ ಆಡಿಸಿದ. ಈ ಸಲ ಕಣ್ಣು ಕೆಲಸದ ಮೇಲೇ ಇತ್ತು. ಅಕ್ಷರಗಳು ಒಂದೊಂದಾಗಿ ಬಿಳಿ ಹಾಳೆಯಡಿ ಹೋದವು. ಹಿಡಿದುಕೊಳ್ಳುವವರೆಗೆ ಒತ್ತಬೇಕು ಎಂದು ಅವನು ಅಂಗೈ ಇಟ್ಟ. ಅವನ ಕೈಯ ಮೇಲೆ ಅವಳು ಕೈ ಇಟ್ಟಳು. ಪಕ್ಕದಲ್ಲೇ ಕಬ್ಬಿಣದ ಪ್ರೆಸ್ ಇತ್ತು; ಇಬ್ಬರೂ ಅದರ ಮಾತೆತ್ತಲಿಲ್ಲ.

ಐದಕ್ಕೆ ಐದು ನಿಮಿಷವಿದ್ದಾಗ ಅವಳು ಕೈ ತೆಗೆದು ಎದ್ದಳು. ಬಾಗಿಲ ಬಳಿ ತಿರುಗಿ, ತಲೆಯೆತ್ತದೆ ಕಣ್ಣು ಮಾತ್ರ ಎತ್ತಿ ಒಮ್ಮೆ ನೋಡಿದಳು. ಆಮೇಲೆ ನಾಲ್ಕು ಮೆಟ್ಟಿಲು ಹತ್ತಿ ಹೋದಳು. ಹೊರಗೆ ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ಅವತ್ತು ಅಂಟುರಾಯ ಬೀಗ ಹಾಕುವುದನ್ನು ಮರೆತ.

ಶುಕ್ರವಾರ ಪ್ರದರ್ಶನಕ್ಕೆ ಜನವೋ ಜನ. ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಮಗಳು ಹುಬ್ಬು ಗಂಟಿಕ್ಕಿ ಅಪ್ಪನ ತೋಳು ಎಳೆದಳು.

"ಅಪ್ಪ, ಎಲ್ಲದಕ್ಕೂ ಬಿಳಿ ದಾರ ಇದೆ. ಮೇಡಂದಕ್ಕೆ ಯಾಕೆ ಕೆಂಪು?"

"ಬಿಳಿದು ಮುಗಿದುಹೋಗಿತ್ತು, ಮಗಳೇ."

ಬೈಂಡಿಂಗ್ ಕೋಣೆಯ ಡ್ರಾಯರಿನಲ್ಲಿ ಹನ್ನೆರಡು ಉಂಡೆ ಬಿಳಿ ದಾರವಿತ್ತು. ಹೋದ ತಿಂಗಳು ತರಿಸಿಕೊಟ್ಟವಳು ಮಗಳೇ. ಅವಳು ಅಪ್ಪನ ಮುಖ ನೋಡಿ, ಅವನ ಕೈ ಹಿಡಿದು ಮುಂದಿನ ಪೆಟ್ಟಿಗೆಯ ಕಡೆ ಕರೆದೊಯ್ದಳು.