ಎಳೆ ಬಾರದ ಎಣ್ಣೆ

"ಕೈ ತೆಗೀರಿ ಮಾವ! ನನ್ನ ಗಾಡಿಗೆ ಅದನ್ನ ಹುಯ್ಯಂಗಿಲ್ಲ ಅಂದ್ರೆ ಹುಯ್ಯಂಗಿಲ್ಲ!"

"ಓಹೋ, ನಿನ್ ಗಾಡಿನಾ? ಕ್ಲಚ್ ಯಾವ್ದು ಬ್ರೇಕ್ ಯಾವ್ದು ಗೊತ್ತಿಲ್ದೆ ನನ್ ಶೆಡ್ ಬಾಗಿಲಿಗೆ ಗುದ್ದಿದೋಳು ಯಾರವ್ವಾ?"

ಅಮ್ಮನ ಮುಖ ಕೆಂಪಾಯಿತು. ಮಂಜುಶ್ರೀಗೆ ನಗು ಉಕ್ಕಿ ಬಂತು. ನಗುವ ಹೊತ್ತಲ್ಲ ಎಂದು ತುಟಿ ಕಚ್ಚಿಕೊಂಡಳು.

ಮಾಕಳಿಯಲ್ಲಿ ಅವರ ಮನೆ ಮುಂದೆ ಹೊಸ ಪಿಕಪ್ ಗಾಡಿ ಬಾನೆಟ್ ಎತ್ತಿಕೊಂಡು ನಿಂತಿತ್ತು. ಅಮ್ಮ ಮಾಲಾ ಅದರಲ್ಲೇ ದಿನಾ ಬೆಳಗ್ಗೆ ದಾಸನಪುರ ಮಾರ್ಕೆಟ್ಟಿನಿಂದ ತರಕಾರಿ ತಂದು ಪೀಣ್ಯದ ಫ್ಯಾಕ್ಟರಿ ಕ್ಯಾಂಟೀನುಗಳಿಗೆ ಹಾಕುತ್ತಾಳೆ. ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತವರು ಮೆಕ್ಯಾನಿಕ್ ನರಸಿಂಹಯ್ಯ. ಅಮ್ಮನಿಗೆ ಹಳೇ ಟೆಂಪೋದಲ್ಲಿ ಗಾಡಿ ಕಲಿಸಿದ್ದು ಅವರೇ. ನೆಂಟರಲ್ಲ. ಆದರೂ ಅಮ್ಮನಿಗೆ ಮಾವ, ಮಂಜುಗೆ ತಾತ.

ಗಾಡಿಯ ಹಳೇ ಎಣ್ಣೆ ಇಳಿಸಿ ಆಗಿತ್ತು. ಫಿಲ್ಟರ್ ಬದಲಾಯಿಸಿ, ಕೆಳಗಿನ ಬೋಲ್ಟ್ ಬಿಗಿದೂ ಆಗಿತ್ತು. ಹೊಸ ಎಣ್ಣೆ ಹುಯ್ಯುವುದೊಂದೇ ಬಾಕಿ. ಜಗಳ ಹುಟ್ಟಿದ್ದೇ ಅಲ್ಲಿ. ಅಮ್ಮ ತಂದಿಟ್ಟದ್ದು ತೆಳು ಎಣ್ಣೆಯ ಕ್ಯಾನು. ತಾತ ಹೊಸ ಗಾಡಿಗೆ ತಮ್ಮ ಉಡುಗೊರೆ ಎಂದು ಹೊತ್ತು ತಂದದ್ದು ದಪ್ಪ ಎಣ್ಣೆಯ ಕ್ಯಾನು.

"ಕುಳ್ಳಿ, ಬಾ ಇಲ್ಲಿ. ಬೆರಳು ಕೊಡು," ಎಂದರು ತಾತ.

ಮಂಜುವಿನ ಹೆಬ್ಬೆರಳಿಗೆ ತಮ್ಮ ಎಣ್ಣೆ ಒಂದು ತೊಟ್ಟು ಇಟ್ಟರು. ಅವಳು ತೋರುಬೆರಳು ಒತ್ತಿ ಮೆಲ್ಲಗೆ ಬಿಡಿಸಿದಳು. ಎರಡು ಬೆರಳ ನಡುವೆ ಸಣ್ಣ ಎಳೆ ಎದ್ದಿತು. ಒಳ್ಳೆ ಎಣ್ಣೆಗೆ ಎಳೆ ಬರಬೇಕು ಎಂದು ಶೆಡ್ಡಿನಲ್ಲಿ ತಾತ ಎಷ್ಟೋ ಸಲ ಹೇಳಿಕೊಟ್ಟಿದ್ದರು.

"ಈಗ ನಿಮ್ಮಮ್ಮಂದು ನೋಡು."

ಅಮ್ಮನ ಎಣ್ಣೆ ಎಳೆ ಗಿಳೆ ಏನೂ ಬರದೆ ಸರ್ರನೆ ಮಂಜುವಿನ ಮೊಣಕೈವರೆಗೆ ಇಳಿದು, ಯೂನಿಫಾರ್ಮಿಗೂ ತಾಗಿತು.

"ನೋಡ್ದಾ? ಎಣ್ಣೆ ಅಂತೆ! ಮದ್ವೆ ಮನೆ ಕಡೇ ಪಂಕ್ತಿ ಮಜ್ಜಿಗೆ ಇದು!"

"ಕಂಪನಿಯೋರು ಹೇಳಿರೋದೇ ಇದು ಮಾವ. ಈ ಎಂಜಿನ್ ಒಳಗಿನ ದಾರಿಗಳು ಬಾಳ ಸಣ್ಣ. ದಪ್ಪ ಎಣ್ಣೆ ಹಾಕಿದ್ರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮೇಲಕ್ಕೆ ಹತ್ತಲ್ವಂತೆ. ಎಂಜಿನ್ ಸವೆದೋದ್ರೆ ನಾನೇನು ತರಕಾರಿ ತಲೆ ಮೇಲೆ ಹೊರ್ಲಾ?"

"ನಿನ್ ಟೆಂಪೋಗೆ ಇಷ್ಟು ವರ್ಷ ನಾನೇನು ಉಯ್ದೆ? ಇದನ್ನೇ! ಒಂದಿನ ಆದ್ರೂ ನಿಲ್ತಾ?"

"ದಿನಾ ನಿಲ್ತಿತ್ತು!"

"ಅದು ಬ್ಯಾಟರಿ ಕಣಮ್ಮಾ!" ತಾತ ಗುಡುಗಿದರು. "ಈಗ ಕೇಳು. ಆ ಮಜ್ಜಿಗೇನ ನನ್ ಕಣ್ಮುಂದೆ ಉಯ್ದ್ರೆ, ಇನ್ಮೇಲೆ ನಾನು ಈ ಗಾಡಿ ಮುಟ್ಟಲ್ಲ!"

ಮಂಜು ಇಬ್ಬರ ಮುಖವನ್ನೂ ನೋಡಿದಳು. ತಾತ ಬರದೇ ಹೋದರೆ? ಸಂಜೆ ಶೆಡ್ಡಿಗೆ ಹೋಗುವುದು ಹೇಗೆ? ಹಾಗಂತ ದಪ್ಪ ಎಣ್ಣೆ ಹುಯ್ದು ಗಾಡಿ ಕೆಟ್ಟರೆ?

"ಅರ್ಧ ಅದು, ಅರ್ಧ ಇದು ಹಾಕ್ಬಿಡೋಣ್ವಾ?" ಎಂದಳು.

"ಮುಚ್ಚು ಬಾಯಿ!" ಇಬ್ಬರೂ ಒಟ್ಟಿಗೇ ಅವಳ ಮೇಲೆ ಎಗರಿದರು. "ಎರಡು ಎಣ್ಣೆ ಬೆರೆಸ್ತಾರೇನೇ?"

ಬೆಳಗ್ಗೆಯಿಂದ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಅದು ಅಮ್ಮನಿಗೂ ಹೊಳೆದಿರಬೇಕು. ಅವಳ ದನಿ ಇಳಿಯಿತು. "ಮಾವ, ಮೈಸೂರು ಪಾಕಿಗೆ ಎಳೆ ಬರೋ ಪಾಕ ಮಾಡ್ತೀನಿ. ಅದೇ ಪಾಕಕ್ಕೆ ಜಾಮೂನು ಹಾಕಿದ್ರೆ ಏನಾಗುತ್ತೆ?"

"ಒಳಕ್ಕೆ ಇಳಿಯಲ್ಲ. ಜಾಮೂನು ಕಲ್ಲಾಗುತ್ತೆ," ಎಂದರು ತಾತ. ಹೇಳಿದ ಮೇಲೆ ಯಾಕೆ ಹೇಳಿದೆನೋ ಎಂಬಂತೆ ಮೀಸೆ ಎಳೆದುಕೊಂಡರು.

ತಾತ ಎಂಜಿನ್ನನ್ನೇ ನೋಡುತ್ತ ನಿಂತರು. ಆಮೇಲೆ ತಮ್ಮ ಕ್ಯಾನಿನ ಮುಚ್ಚಳ ತಿರುಗಿಸಿ ಭದ್ರ ಮಾಡಿದರು. ಬಟ್ಟೆ ಎತ್ತಿಕೊಂಡು ಎಣ್ಣೆ ಹುಯ್ಯುವ ಲಾಳಿಕೆಯ ಒಳಗೂ ಹೊರಗೂ ಒರೆಸಿ ಬ್ಯಾಟರಿ ಮೇಲಿಟ್ಟರು.

"ಕುಳ್ಳಿ, ಟೀ ಕುಡ್ದು ಬರ್ತೀನಿ. ಅಲ್ಲೀಗಂಟ ಯಾರೂ ಏನೂ ಉಯ್ಯಂಗಿಲ್ಲ, ಗೊತ್ತಾಯ್ತಾ?"

"ಆಯ್ತು ತಾತ."

"ಲಾಳಿಕೆ ಅಲ್ಲಾಡ್ದಂಗೆ ಇಡ್ಕೋಬೇಕು. ಒಂದೇ ಸಲ ಸುರೀಬಾರ್ದು. ಉಕ್ಕಿ ಎಂಜಿನ್ ಮೇಲೆಲ್ಲಾ ಚೆಲ್ಲುತ್ತೆ."

ಕ್ಯಾನು ಕಂಕುಳಲ್ಲಿ ಇರುಕಿಕೊಂಡು ಹೊರಟೇ ಹೋದರು.

ಅಮ್ಮ ಕಾದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮತ್ತೆ ಕಾದಳು. "ಒಂದು ಟೀಗೆ ಇಷ್ಟು ಹೊತ್ತಾ? ಹೋಗಿ ಕರ್ಕೊಂಡು ಬಾರೇ."

ಮಂಜು ಗೇಟಿನವರೆಗೆ ಓಡಿ ನಿಂತಳು. ಮೂಲೆಯ ಟೀ ಅಂಗಡಿಯ ಬೆಂಚಿನ ಮೇಲೆ ತಾತ ಕೂತಿದ್ದರು. ಬೆಂಚು ಇರುವುದು ರಸ್ತೆ ಕಡೆ ಮುಖ ಮಾಡಿ. ತಾತ ಮಾತ್ರ ಈ ಕಡೆಗೆ ಬೆನ್ನು ಹಾಕಿ ಅಂಗಡಿಯ ಗೋಡೆ ನೋಡುತ್ತಿದ್ದರು. ಪಕ್ಕದಲ್ಲಿ ಖಾಲಿ ಲೋಟ. ಕೂಗಲು ಬಾಯಿ ತೆರೆದ ಮಂಜುಗೆ 'ನನ್ ಕಣ್ಮುಂದೆ' ಎಂದ ಅವರ ಮಾತು ನೆನಪಾಯಿತು. ಬಾಯಿ ಮುಚ್ಚಿಕೊಂಡು ವಾಪಸ್ ಬಂದಳು.

"ನೀನು ಹುಯ್ಯಮ್ಮ."

"ಬರ್ತೀನಿ ಅಂತ ಹೇಳಿ ಹೋದ್ರಲ್ಲೇ?"

ಮಂಜು ಬಂಪರ್ ಮೇಲೆ ಹತ್ತಿ, ಲಾಳಿಕೆಯನ್ನು ಎಂಜಿನ್ನಿನ ಬಾಯಿಗಿಟ್ಟು ಎರಡೂ ಕೈಯಲ್ಲಿ ಹಿಡಿದಳು. ಅಮ್ಮ ಒಂದು ಗಳಿಗೆ ಮಗಳ ಮುಖ ನೋಡಿ, ಕ್ಯಾನು ಎತ್ತಿದಳು. ತೆಳು ಎಣ್ಣೆ ಸದ್ದಿಲ್ಲದೆ ಒಳಗಿಳಿಯಿತು.

ಮೂಲೆಯಲ್ಲಿ ತಾತ ಇನ್ನೊಂದು ಟೀ ಹೇಳುವುದು ಕೇಳಿಸಿತು. ತಿರುಗಿ ಮಾತ್ರ ನೋಡಲಿಲ್ಲ.