ಬೇರು ಬಿಟ್ಟ ಸಾಕ್ಷಿ

"ಇದು ನಮ್ಮ ಗಿಡ ಅಲ್ಲ!"

ಗುಡಿಸುತ್ತಿದ್ದವಳ ಕೈಯಿಂದ ಪೊರಕೆ ಜಾರಿತು. ಕೂಗಿದವರು ಕನ್ನಡಕದ ಅಂಗಡಿಯ ಯಜಮಾನರು. ಕಾಲಿನ ಆಪರೇಷನ್ ಮುಗಿಸಿಕೊಂಡು ತಿಂಗಳ ಮೇಲೆ ಇಂದೇ ಅಂಗಡಿಗೆ ಬಂದಿದ್ದರು. ಕಿಟಕಿಯಲ್ಲಿದ್ದ ಹಿತ್ತಾಳೆ ಕುಂಡವೇನೋ ಅದೇ. ಆದರೆ ತೀರಿಕೊಂಡ ಹೆಂಡತಿ ಇಪ್ಪತ್ತು ವರ್ಷ ಮಗುವಿನಂತೆ ಸಾಕಿದ್ದ ದಪ್ಪ ಎಲೆಯ ಜೇಡ್ ಗಿಡ ಅದರಲ್ಲಿರಲಿಲ್ಲ.

"ಅದೇ ಗಿಡ, ಭಾವ. ನಿಮಗೆಲ್ಲೋ ಭ್ರಮೆ," ಎಂದ ಭಾವಮೈದುನ. ತಿಂಗಳಿಡೀ ಅಂಗಡಿ ನೋಡಿಕೊಂಡವನು ಅವನೊಬ್ಬನೇ.

ಪಕ್ಕದ ನರ್ಸರಿಯ ಗಿಡದಕ್ಕನಿಗೆ ಕರೆ ಹೋಯಿತು. ಮಣ್ಣು ಮೆತ್ತಿದ ಕೈಯಲ್ಲೇ ಬಂದಳು, ಒಂದು ಎಲೆ ಹಿಸುಕಿದಳು.

"ಜೇಡ್ ಎಲೆ ಹೆಬ್ಬೆರಳಷ್ಟಿರುತ್ತೆ, ಕಾಂಡ ಬೂದು. ಇದರ ಎಲೆ ಕಿರುಬೆರಳ ಉಗುರಷ್ಟು, ಕಾಂಡ ಕೆಂಪು. ನೋಡೋಕೆ ಅಕ್ಕತಂಗಿ ಥರ. ಆದ್ರೆ ಗಿಡವೇ ಬೇರೆ."

ಭಾವಮೈದುನನ ಬೆರಳು ಥಟ್ಟನೆ ಗುಡಿಸುವಾಕೆಯತ್ತ ತಿರುಗಿತು. "ಹಾಗಾದ್ರೆ ಇವಳೇ! ಸೇರಿ ಎಂಟು ದಿನ ಆಗಿದೆ, ಆಗಲೇ ಮಾರ್ಕೊಂಡಿದ್ದಾಳೆ. ಕಳ್ಳಿ!" ಬೀದಿಗೆಲ್ಲ ಕೇಳುವಂತೆ ಅರಚಿದ ಪುಣ್ಯಾತ್ಮ.

ಅವಳು ಇದೇ ಬೀದಿಯ ಇನ್ನೂ ನಾಲ್ಕು ಅಂಗಡಿ ಗುಡಿಸಿ ಬದುಕುವವಳು. ಕಳ್ಳಿ ಎನ್ನಿಸಿಕೊಂಡವಳನ್ನು ಯಾರು ಒಳಗೆ ಬಿಟ್ಟಾರು?

"ಅಯ್ಯೋ, ನಾನು ಬಂದಾಗಿಂದ ಇದೇ ಗಿಡ ಇದೆ, ಅಕ್ಕ!"

"ತಡಿ," ಎಂದಳು ಗಿಡದಕ್ಕ. "ಕುಂಡದ ಅಂಚು ಹೊಸದಾಗಿ ನೆಗ್ಗಿದೆ. ಕಿಟಕಿ ಕೆಳಗಿನ ಈ ಕಪಾಟು ಸರಿಸ್ತೀರಾ?"

"ಅದಕ್ಕೆ ನಾಲ್ಕು ಜನ ಬೇಕು. ಸರಿಸಿ ವರ್ಷಗಳೇ ಆಯ್ತು," ಎಂದರು ಯಜಮಾನರು.

ಗಿಡದಕ್ಕ ನೆಲಕ್ಕೆ ಮಲಗಿ, ಕಪಾಟಿನಡಿಗೆ ಉದ್ದನೆಯ ಸ್ಕೇಲು ತೂರಿಸಿ ಎಳೆದಳು. ಧೂಳಿನ ಜೊತೆ ಪುಟ್ಟ ರೆಂಬೆಯೊಂದು ಈಚೆ ಬಂತು.

"ಯಜಮಾನ್ರೇ, ಆಸ್ಪತ್ರೆಗೆ ಹೋದಾಗ ಗಿಡ ನೆಟ್ಟಗಿತ್ತಾ?"

"ಅವತ್ತು ಬೆಳಿಗ್ಗೆ ನಾನೇ ಎಲೆ ಒರೆಸಿದ್ದೆ!"

"ಸರಿ. ಹೆಬ್ಬೆರಳಷ್ಟು ಎಲೆ—ಇದು ನಿಮ್ಮ ಗಿಡದ್ದೇ. ಯಾರೂ ಮಾರಿಲ್ಲ. ಕುಂಡ ಬಿದ್ದು ಗಿಡ ಮುರಿದಿದೆ. ಇಲ್ಲಿ ನೋಡಿ, ಮುರಿದ ಗಾಯ ಒಣಗಿ ಬೇರು ಬಂದಿದೆ. ಮಣ್ಣು, ನೀರು ಇಲ್ಲದೆ ಇಷ್ಟುದ್ದ ಬೇರು ಬಿಡೋಕೆ ಮೂರು ವಾರ ಆದ್ರೂ ಬೇಕು. ಈಕೆ ಸೇರಿದ್ದು ಎಂಟು ದಿನದ ಹಿಂದೆ. ಮೂರು ವಾರದ ಹಿಂದೆ ಅಂಗಡೀಲಿ ಇದ್ದೋರು ಯಾರು?"

ಭಾವಮೈದುನನ ಮುಖ ಸುಣ್ಣದಂತಾಯಿತು.

"ಕೈ ತಗುಲಿ ಬಿತ್ತು, ಭಾವ... ಎಲ್ಲಾ ಕಸಕ್ಕೆ ಹಾಕಿ ಬೇರೆ ತಂದಿಟ್ಟೆ."

"ಅಯ್ಯೋ ಮಾರಾಯ! ಒಂದು ತುಂಡು ಮಣ್ಣಿಗೆ ಚುಚ್ಚಿದ್ರೆ ಚಿಗುರ್ತಿತ್ತಲ್ಲೋ!" ಗಿಡದಕ್ಕ ಹಣೆ ಚಚ್ಚಿಕೊಂಡಳು.

ಯಜಮಾನರು ಗುಡಿಸುವಾಕೆಗೆ ಕೈ ಮುಗಿದರು. "ತಪ್ಪಾಯ್ತಮ್ಮ."

"ನೀವಲ್ಲ, ಯಜಮಾನ್ರೇ. ಅಂದವರು ಹೇಳಲಿ. ಬಾಗಿಲಲ್ಲಿ ನಿಂತು ಹೇಳಲಿ." ತನ್ನ ದನಿ ನಡುಗಲಿಲ್ಲವೆಂದು ಅವಳಿಗೇ ಹೆಮ್ಮೆಯಾಯಿತು.

ಭಾವಮೈದುನ ಬೇರೆ ದಾರಿಯಿಲ್ಲದೆ ಹೊಸ್ತಿಲಿಗೆ ಹೋದ. "ಈಕೆ ಕಳ್ಳಿ ಅಲ್ಲ. ಗಿಡ ಮುರಿದದ್ದು ನಾನು."

ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇನ್ನೂ ಜೋರಾಗಿ, ಸ್ವಾಮಿ. ಮೂಲೆ ಅಂಗಡಿಯವರಿಗೆ ಕೇಳಿಸಲಿಲ್ಲ."